ಬಾಣಂತನಕ್ಕೆ ಹೋದ ಮೀನುಗಳು

ಜುಲೈ 26, ಶನಿವಾರ

ಬೆಳಿಗ್ಗೆ ಪಂಚಾಯ್ತಿ ಆಟೊ ಮೈಕು ಹಚ್ಚಿಕೊಂಡು ಓಣಿ ಓಣಿ ತಿರುಗಿತು. ಡ್ಯಾಮಿನ ಗೇಟುಗಳನ್ನು ಎತ್ತಿದ್ದಾರೆ, ಹೊಳೆ ಕಡೆ ಯಾರೂ ಹೋಗಬಾರದು ಎಂದು ಕೂಗಿ ಹೇಳಿದರು. ಹೋಗಬಾರದು ಎಂದ ಕೂಡಲೇ ಬುಕ್ಕಸಾಗರದ ಅರ್ಧ ಊರು ಹೊಳೆ ದಂಡೆಯಲ್ಲಿತ್ತು. ನಾನೂ ಹೋದೆ. ಬೇರೆಯವರದು ಹುಚ್ಚು, ನನ್ನದು ಕರ್ತವ್ಯ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಮಡುವೇ ಇಲ್ಲ! ಮಲ್ಲಯ್ಯನ ಗುಡಿಯ ಕೆಳಗೆ, ಬಂಡೆಗಳ ನಡುವೆ ತಣ್ಣಗೆ ಮಲಗಿರುತ್ತಿದ್ದ ನಮ್ಮ ಮಡು ಯಾವುದು, ಹೊಳೆ ಯಾವುದು ಗೊತ್ತಾಗಲಿಲ್ಲ. ಎಲ್ಲ ಒಂದೇ ಕೆಂಪು ನೀರು. ಸೋಮವಾರ ಸೋಮವಾರ ನಾನು ಕೂತು ದೇವರ ಮೀನುಗಳಿಗೆ ಮಂಡಕ್ಕಿ ಹಾಕುವ ಕಲ್ಲು ಎಲ್ಲಿತ್ತು ಎಂದು ಬೆರಳು ತೋರಿಸಲೂ ಆಗಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆಯ ಕಣ್ಣನ್ನು ಸಕ್ಕರೆ ಕಾಯಿಲೆ ತಿಂದು ಈಗ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಮಂಡಕ್ಕಿಯ ಕೆಲಸ ನನ್ನ ಪಾಲಿಗೆ ಬಂದದ್ದೂ ಅದಕ್ಕೇ. ಅವರ ಕಾಲದಲ್ಲಿ ಮೀನುಗಳು ಅವರ ಕೈಗೇ ಬಂದು ಬಾಯಿ ಹಾಕುತ್ತಿದ್ದವಂತೆ, ಅವರು ಬೆನ್ನು ಸವರಿದರೆ ಸುಮ್ಮನೆ ನಿಲ್ಲುತ್ತಿದ್ದವಂತೆ. ನನ್ನ ಕೈಗೆ ಇನ್ನೂ ಒಂದೂ ಬಂದಿಲ್ಲ.

"ಅದಕ್ಯಾಕ ಅಷ್ಟು ಗಾಬರಿ ಆಗ್ತಿ ಚಂದ್ರಿ?" ಎಂದರು ಅತ್ತೆ. "ಪಂಚಮಿ ಬಂತಲ್ಲ, ತವರಿಗೆ ಹೊಂಟಾವ. ಬಾಣಂತನ ಮುಗಿಸ್ಕೊಂಡು ಮಕ್ಕಳ ಕರಕೊಂಡು ಬರ್ತಾವ ಬಿಡು."

ನಮ್ಮೂರಲ್ಲಿ ಯಾರೂ ಮೀನು ಕೊಚ್ಚಿಹೋಯಿತು ಎನ್ನುವುದಿಲ್ಲ. ತವರಿಗೆ ಹೋದವು ಎನ್ನುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ, ಹಾಗಾದರೆ ಅವುಗಳ ತವರು ಯಾವೂರು ಎಂದು ಕೇಳಿದ್ದೆ. ಮನೆ ತುಂಬ ನಕ್ಕಿದ್ದರು. ಯಾರೂ ಉತ್ತರ ಮಾತ್ರ ಕೊಟ್ಟಿರಲಿಲ್ಲ.

ಜುಲೈ 29, ಪಂಚಮಿ

ಶೇಂಗಾ ಉಂಡಿ, ತಂಬಿಟ್ಟು, ಅಳ್ಳಿಟ್ಟು ಎಲ್ಲ ಆಯಿತು. ನಾನು ಗಾದಿಗನೂರಿನ ತವರಿಗೆ ಹೋಗಲಿಲ್ಲ. ಅತ್ತೆಯನ್ನು ಬಿಟ್ಟು ಹೋಗುವುದು ಹೇಗೆ? ಮೀನುಗಳಿಗಿರುವ ಭಾಗ್ಯ ನನಗಿಲ್ಲ ಎಂದು ಇವರಿಗೆ ಕೇಳುವ ಹಾಗೆ ಅಂದೆ. ಇವರು ಪೇಪರಿನ ಹಿಂದಿನಿಂದಲೇ, "ನಿನಗೂ ಮೀನಿನಂಗ ರೆಕ್ಕಿ ಇದ್ರ ಈಜಿಕೊಂಡು ಹೋಗು" ಎಂದರು. ಬಸವಕುಮಾರ್ ಎಂಬ ಹೆಸರಿನ ಈ ಮನುಷ್ಯ ರೈಸ್ ಮಿಲ್ಲಿನ ಗದ್ದಲದಲ್ಲಿ ಇದ್ದೂ ಇದ್ದೂ ಮನೆಯ ಮಾತು ಅರ್ಧ ಕೇಳಿಸಿಕೊಳ್ಳುತ್ತಾರೆ, ಜೋಕು ಮಾತ್ರ ಪೂರ್ತಿ ಮಾಡುತ್ತಾರೆ.

ಮಧ್ಯಾಹ್ನ ಸೈಕಲ್ಲಿನ ಮೀನಿನವನು ಓಣಿಯಲ್ಲಿ ಕೂಗುತ್ತ ಹೋದ. ಪಂಚಮಿಯ ದಿನ, ಅದೂ ನಮ್ಮ ಬಾಗಿಲ ಮುಂದೆ! ಅವನು ಹೋದ ಮೇಲೆ ಅಂಗಳಕ್ಕೆ ನೀರು ಹಾಕಿಸಿದೆ. ಆದರೂ ಸಂಜೆಯವರೆಗೆ ಆ ವಾಸನೆ ಮೂಗಿನಿಂದ ಹೋಗಲಿಲ್ಲ. ನೀರಿನಲ್ಲಿ ಅಷ್ಟು ಚೆಂದ ಇರುವ ಜೀವ ದಂಡೆಗೆ ಬಂದರೆ ಹಾಗೇಕೆ ನಾರುತ್ತದೋ ಮಲ್ಲಯ್ಯನಿಗೇ ಗೊತ್ತು.

ನೀರು ಇನ್ನೂ ಏರುತ್ತಿದೆ. ನಮ್ಮ ಕೆಳಗಿನ ಗದ್ದೆಯಲ್ಲಿ ಮೊನ್ನೆ ನಾಟಿ ಮಾಡಿದ ಪೈರಿನ ತುದಿ ಕೂಡ ಕಾಣುತ್ತಿಲ್ಲ.

ಆಗಸ್ಟ್ 3, ಭಾನುವಾರ

ಇದನ್ನು ಬರೆಯಲೇಬೇಕು.

ನಿನ್ನೆ ಸಂಜೆ ಗದ್ದೆಯಲ್ಲಿ ಎದೆಮಟ್ಟ ನೀರು. ಡ್ಯಾಮಿನ ಮೇಲ್ಗಡೆ ಮಳೆ ನಿಂತು ಒಳಹರಿವು ಕಡಿಮೆಯಾಗಿ ಗೇಟು ಇಳಿಸಿದರಂತೆ. ಬೆಳಗಾಗುವಷ್ಟರಲ್ಲಿ ಹೊಳೆ ಚಾಪೆ ಸುತ್ತಿಕೊಂಡ ಹಾಗೆ ಹಿಂದೆ ಸರಿದಿತ್ತು. ಪೈರು ಎಷ್ಟು ಉಳಿದಿದೆ ನೋಡೋಣ ಎಂದು ನಾನು ಮತ್ತು ನಮ್ಮ ಗದ್ದೆ ಕೆಲಸದ ಭರಮಮ್ಮ ಹೋದೆವು. ದೂರದಿಂದಲೇ ಹದ್ದು, ಕಾಗೆ, ಕೊಕ್ಕರೆ. ಅಷ್ಟು ಹಕ್ಕಿಗಳನ್ನು ಒಂದೇ ಕಡೆ ನಾನು ನೋಡಿಲ್ಲ.

ಗದ್ದೆ ತುಂಬ ಮೀನು. ಸತ್ತ ಮೀನು. ಕೆಸರಿನಲ್ಲಿ, ಬದುವಿನ ಮೇಲೆ, ಜಾಲಿ ಮುಳ್ಳಿನಲ್ಲಿ ಸಿಕ್ಕಿಕೊಂಡು. ಕೆಲವು ಇನ್ನೂ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ನೀರು ಬಂದಾಗ ಅದರ ಜೊತೆ ಗದ್ದೆಗೆ ಹರಡಿ ಬಂದವುಗಳಿಗೆ ಅದು ಹೋಗುವಾಗ ಹಿಂದೆ ಹೋಗಲು ಪುರಸೊತ್ತೇ ಸಿಕ್ಕಿಲ್ಲ. ಮತ್ತೆ ಕಾಲುವೆಯ ಹತ್ತಿರ ಅವು ಇದ್ದವು. ನಮ್ಮ ಮಡುವಿನವು. ತೋಳುದ್ದ, ಮೈತುಂಬ ತಾಮ್ರದ ಬಣ್ಣದ ದೊಡ್ಡ ದೊಡ್ಡ ಹುರುಪೆ. ಒಂದರ ಕಣ್ಣನ್ನು ಕಾಗೆ ಆಗಲೇ ತೆಗೆದಿತ್ತು.

ಅವುಗಳ ಪಕ್ಕದ ಹರಳುಗಲ್ಲುಗಳಿಗೆ ಹಳದಿ ಕಾಳು ಕಾಳಾಗಿ ಏನೋ ಅಂಟಿಕೊಂಡಿತ್ತು. ಒಣಗಿದ ಸಾಬೂದಾನಿ ಇದ್ದಂತೆ. ಮುಟ್ಟಿ ನೋಡಿದೆ.

"ತತ್ತಿ ಅದಾವವ್ವಾ ಅವು," ಎಂದಳು ಭರಮಮ್ಮ. "ಇಟ್ಟಾವ, ನೀರು ಹೋಗೇತಿ."

ಬದುವಿನ ಮೇಲೆಯೇ ವಾಂತಿ ಮಾಡಿಕೊಂಡೆ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಅತ್ತೆಗೆ ಏನೂ ಹೇಳಿಲ್ಲ. ಬಾಣಂತಿ ಸತ್ತ ಸುದ್ದಿಯನ್ನು ಶ್ರಾವಣದಲ್ಲಿ ಹೇಗೆ ಹೇಳಲಿ?

ಆಗಸ್ಟ್ 4, ಶ್ರಾವಣ ಸೋಮವಾರ

ಮಲ್ಲಯ್ಯ ದೊಡ್ಡವನು! ನಿನ್ನೆ ಅತ್ತ ಕಣ್ಣು ಇವತ್ತು ಖುಷಿಗೆ ಒದ್ದೆಯಾಗಿದೆ.

ಪಂಪ್‌ಸೆಟ್ ಪಕ್ಕದ ತಗ್ಗಿನಲ್ಲಿ ಮೊಣಕಾಲುದ್ದ ಕೆಸರು ನೀರು ನಿಂತಿತ್ತು. ಉಳಿದ ಮೀನೆಲ್ಲ ಅಲ್ಲಿಯೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವುಗಳ ನಡುವೆ ಗೇಣುದ್ದ ಕೂಡ ಇಲ್ಲದ ಕಪ್ಪು ಮರಿಗಳು ಬುಳು ಬುಳು ಓಡಾಡುತ್ತಿದ್ದವು, ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗುತ್ತಿದ್ದವು. ಆ ನಾರುವ ಕೆಸರಿನಲ್ಲಿ ಎಲ್ಲ ಸತ್ತು ಅವು ಮಾತ್ರ ಬದುಕಬೇಕಾದರೆ! ತಾಯಂದಿರು ಹೋದರೂ ಮಕ್ಕಳನ್ನು ಅವನು ಕಾದಿದ್ದಾನೆ.

ಭರಮಮ್ಮ ಆಗಲೇ ಬುಟ್ಟಿ ತಂದಿದ್ದಳು. ನಾಟಿ ಕೆಲಸದ ಹೆಣ್ಣುಮಕ್ಕಳೆಲ್ಲ ಸಾರು ಮಾಡುವ ಲೆಕ್ಕದಲ್ಲಿದ್ದರು.

"ಮುಟ್ಟಿದ್ರ ನೋಡ್ರಿ!" ಎಂದು ಕೂಗಿದೆ. "ಅವು ಮಡುವಿನ ಮಕ್ಕಳು."

"ಮಡುವಿನ ಮೀನು ಕೆಂಪಗ ಅದಾವಲ್ಲವ್ವಾ? ಇವು ಎಂಥವೋ ಕರೀವು," ಎಂದಳು ಭರಮಮ್ಮ. "ನಾನಂತೂ ಇಂಥಾವು ಹೊಳ್ಯಾಗ ನೋಡಿಲ್ಲ."

"ನಿನ್ನ ಮಗಳು ಹುಟ್ಟಿದಾಗ ಹೆಂಗಿದ್ದಳ ಹೇಳು? ಈಗ ಹೆಂಗದಾಳ? ಬೆಳೀತಾ ಬೆಳೀತಾ ಬಣ್ಣ ಬರ್ತೈತಿ."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಬಾಯಿಯ ಪಕ್ಕ ಮೀಸೆಯನ್ನೂ ತೋರಿಸಿದೆ. ನಮ್ಮ ಮೀನುಗಳಿಗೂ ಮೀಸೆ ಇದೆಯಲ್ಲ, ಇನ್ನೇನು ಬೇಕು ಸಾಕ್ಷಿ? ಅದಾದ ಮೇಲೆ ಅದೇ ಹೆಣ್ಣುಮಕ್ಕಳು ಕೊಡಗಳಲ್ಲಿ ಮರಿಗಳನ್ನು ತುಂಬಿಕೊಂಡು ಮಡುವಿಗೆ ಹೊತ್ತರು. ನಾನು ಮುಟ್ಟಲಿಲ್ಲ, ಸೆರಗು ಮೂಗಿಗೆ ಹಿಡಿದು ಮುಂದೆ ನಡೆದೆ. ಗುಡಿ ಕಮಿಟಿಯ ಹಂಪೇಶ್ ಭಾವ ಗಂಟೆ ಬಾರಿಸಿ ಆರತಿ ಮಾಡಿಸಿದರು. ಒಂದೊಂದು ಕೊಡ ಬಗ್ಗಿಸಿದಾಗಲೂ ಜನ ಹರಹರ ಎಂದರು.

ಅತ್ತೆಗೆ ಅರ್ಧ ಸುದ್ದಿ ಹೇಳಿದೆ, ಒಳ್ಳೆಯ ಅರ್ಧ. "ನಾ ಹೇಳಿರಲಿಲ್ಲೇನ, ಮಕ್ಕಳ ಕರಕೊಂಡ ಬರ್ತಾವಂತ?" ಎಂದು ನನ್ನ ಕೆನ್ನೆ ಸವರಿದರು. ಈ ಮನೆಗೆ ಬಂದ ಮೇಲೆ ಅವರು ನನ್ನ ಕೆನ್ನೆ ಸವರಿದ್ದು ಇದೇ ಮೊದಲು.

ಆಗಸ್ಟ್ 5

ಮೈಕೈ ನೋವು. ಮನಸ್ಸು ಹಗುರ.

ಆಗಸ್ಟ್ 25, ಸೋಮವಾರ

ಮಡುವಿನ ನೀರು ತಿಳಿಯಾಗಿದೆ. ಇವತ್ತು ದೊಡ್ಡವು ಕಂಡವು! ಮೊದಲಿನಷ್ಟಿಲ್ಲ, ಆದರೆ ಬಂಡೆಯ ನೆರಳಿನಲ್ಲಿ ತಾಮ್ರದ ಬೆನ್ನುಗಳು ಹೊರಳಿದ್ದನ್ನು ನಾನೇ ಕಂಡೆ. ಹಾಗಾದರೆ ಎಲ್ಲವೂ ಗದ್ದೆಯಲ್ಲಿ ಸತ್ತಿಲ್ಲ. ಕೆಲವು ಬುದ್ಧಿವಂತೆಯರು ಹೊಳೆ ಬಿಡಲೇ ಇಲ್ಲವೇನೋ. ಒಂದು ಕಡೆ ತಾಯಂದಿರು, ಒಂದು ಕಡೆ ಮಕ್ಕಳು. ಮಂಡಕ್ಕಿ ಎಸೆದರೆ ಮಕ್ಕಳೇ ಮೊದಲು ಓಡಿ ಬರುತ್ತವೆ, ತಾಯಂದಿರು ದೂರ ನಿಲ್ಲುತ್ತವೆ. ಎಲ್ಲ ಮನೆಯಲ್ಲೂ ಇರುವುದೇ.

ಸೆಪ್ಟೆಂಬರ್ 22, ಸೋಮವಾರ

ಮರಿಗಳು ಮೊಳಕೈ ಉದ್ದ ಆಗಿವೆ. ಇಷ್ಟು ಜಲ್ದಿ ಬೆಳೆಯುವುದನ್ನು ಅತ್ತೆಯೂ ಕೇಳಿಲ್ಲವಂತೆ. ಬಣ್ಣ ಇನ್ನೂ ಬಂದಿಲ್ಲ, ಹುರುಪೆಯೂ ಕಾಣುತ್ತಿಲ್ಲ.

ಮಂಡಕ್ಕಿ ನೀರಿಗೆ ಬಿದ್ದ ಕೂಡಲೇ ಒಂದರ ಮೇಲೊಂದು ಬಿದ್ದು ನೀರು ಕುದಿಸಿಬಿಡುತ್ತವೆ. ಇದನ್ನು ಯಾರೋ ಮೊಬೈಲಿನಲ್ಲಿ ಹಾಕಿದ್ದಾರೆ, ಹಂಪಿ ನೋಡಲು ಬಂದವರು ಈಗ ಆಟೊ ಮಾಡಿಕೊಂಡು ಇಲ್ಲಿಗೂ ಬರುತ್ತಾರೆ. ಹಂಪೇಶ್ ಭಾವ 'ಮಲ್ಲಯ್ಯನ ಮಕ್ಕಳು' ಎಂದು ಬೋರ್ಡು ಬರೆಸಿದ್ದಾರೆ. ನನಗೆ ಗುಡಿಯಲ್ಲಿ ಶಾಲು ಹೊದಿಸಿದರು. ಇವರು ಮನೆಯಲ್ಲಿ ನನ್ನನ್ನು 'ಮೀನಮ್ಮನವರೇ' ಎಂದು ಕರೆಯುತ್ತಿದ್ದಾರೆ. ಕರೆಯಲಿ.

ಒಂದು ಮಾತು. ಮಡುವಿನ ಅಂಚಿನಲ್ಲಿ ಕಪ್ಪೆಗಳ ಸದ್ದಿಲ್ಲ. ಕಲ್ಲಿನ ಸಂದಿಯಲ್ಲಿ ಮಿಂಚಿನ ಹಾಗೆ ಓಡಾಡುತ್ತಿದ್ದ ಸಣ್ಣ ಮೀನುಗಳೂ ಇಲ್ಲ. ಮಳೆ ಕಡಿಮೆಯಾಯಿತಲ್ಲ, ಅದಕ್ಕಿರಬೇಕು.

ಅಕ್ಟೋಬರ್ 27, ಕಾರ್ತಿಕ ಸೋಮವಾರ

ದೀಪ ಹಚ್ಚಲು ಹೋದವಳು ಕಂಡದ್ದನ್ನು ಯಾರ ಹತ್ತಿರವೂ ಹೇಳಿಲ್ಲ.

ಒಂದು ನೀರುಕೋಳಿ ಮರಿಗಳನ್ನು ಹಿಂದೆ ಕಟ್ಟಿಕೊಂಡು ಮಡುವಿನ ಆ ಕಡೆಯಿಂದ ಬರುತ್ತಿತ್ತು. ಕೊನೆಯ ಮರಿ ಸ್ವಲ್ಪ ಹಿಂದೆ ಬಿತ್ತು. ನೀರು ಒಮ್ಮೆ ತೆರೆದುಕೊಂಡಿತು. ಅಗಲ ಬಾಯಿ, ಸುತ್ತ ಮೀಸೆ. ಮರಿ ಇಲ್ಲ. ನೀರು ಮುಚ್ಚಿಕೊಂಡಿತು. ತಾಯಿ ತಿರುಗಿ ತಿರುಗಿ ಕೂಗಿತು. ಮುಂದಿನ ಮರಿಯೂ ಹೋಯಿತು.

ನನ್ನ ಕೈಯ ಹಣತೆ ಬಿದ್ದು ಒಡೆಯಿತು. ದೇವರ ಮೀನು ಮಾಂಸ ತಿಂದಿತು. ಕಾರ್ತಿಕ ಸೋಮವಾರ, ಗುಡಿಯ ಮುಂದೆ. ನಾನು ಕಂಡದ್ದು ಸುಳ್ಳಿರಬೇಕು, ದೀಪದ ಬೆಳಕಿನಲ್ಲಿ ಕಣ್ಣಿಗೆ ಏನೋ ಆಗಿರಬೇಕು ಎಂದುಕೊಂಡು ಬಂದೆ.

ಅಕ್ಟೋಬರ್ 31

ಭೂಮಿ ಬಾಯಿ ಬಿಟ್ಟಿದ್ದರೆ ಇವತ್ತು ಕಂಪ್ಲಿ ಪೇಟೆಯಲ್ಲಿಯೇ ಒಳಗೆ ಹೋಗಿಬಿಡುತ್ತಿದ್ದೆ.

ಕಾರ್ತಿಕಕ್ಕೆ ಜನ ಹೆಚ್ಚು, ಮಂಡಕ್ಕಿ ಮೂಟೆಯಲ್ಲೇ ಬೇಕು ಎಂದು ಕಂಪ್ಲಿಯಲ್ಲಿ ಮಂಡಕ್ಕಿ ಹುರಿಯುವ ಭಟ್ಟಿಗೆ ನಾನೇ ಹೋದೆ. ಬಸ್ ಸ್ಟ್ಯಾಂಡಿನಿಂದ ಹೋಗುವ ರಸ್ತೆ ಅಗೆದಿದ್ದರು, ಹಿಂದಿನ ಓಣಿಯಲ್ಲಿ ಹೋಗಿ ಎಂದರು. ಹಿಂದಿನ ಓಣಿ ಎಂದರೆ ಮೀನು ಓಣಿ. ಜೀವಮಾನದಲ್ಲಿ ಕಾಲಿಟ್ಟವಳಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು, ನೆಲವನ್ನೇ ನೋಡುತ್ತ ಜೋರಾಗಿ ನಡೆದೆ. ನೆಲ ನೋಡಿದ್ದೇ ತಪ್ಪಾಯಿತು. ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಅವು ಇದ್ದವು. ಕಪ್ಪು ಮೈ, ಅಗಲ ಬಾಯಿ, ಮೀಸೆ. ಜೀವಂತ. ಮಾರುವ ಹೆಂಗಸು ಒಂದನ್ನು ಎತ್ತಿ ತಲೆಗೆ ಕೊರಡಿನಿಂದ ಹೊಡೆದಳು.

ನಾನು ಕಿರುಚಿದೆ. "ಕಳ್ಳೀ! ದೇವರ ಮೀನ ಕದ್ದು ಮಾರ್ತೀಯೇನ? ಎಷ್ಟು ಧೈರ್ಯ ನಿನಗ?"

"ಯಾವ ದೇವರವ್ವಾ?" ಅವಳು ಕೊರಡು ಕೆಳಗಿಡಲಿಲ್ಲ. "ಇದು ಹೊಂಡದ ಕ್ಯಾಟ್‌ಫಿಶ್. ಬೇಕಂದ್ರ ತಗೋರಿ, ಬ್ಯಾಡಂದ್ರ ದಾರಿ ಬಿಡ್ರಿ. ಸುಂಕಲಮ್ಮ ಕಳ್ಳಿ ಅಂತ ಈ ಓಣ್ಯಾಗ ಯಾರಾದ್ರೂ ಅಂದ್ರ ಕೇಳ್ರಿ."

"ಬುಕ್ಕಸಾಗರದ ಮಲ್ಲಯ್ಯನ ಮಡುವಿನ ಮೀನು ಇವು! ಮರಿ ಇದ್ದಾಗ ನಾನ ನಿಂತು ಬಿಡಿಸೀನಿ, ನನಗ ಗೊತ್ತಾಗಂಗಿಲ್ಲೇನ?"

ಈಗ ಕೊರಡು ಕೆಳಗೆ ಬಂತು. "ಏನಂದ್ರಿ? ಮಡುವಿನಾಗ ಬಿಟ್ಟೀರಿ? ಇವನ್ನ?"

ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಸುಂಕಲಮ್ಮ ನಗಲಿಲ್ಲ. ಅವಳು ನಕ್ಕಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಅವ್ವಾರ, ಇದು ಹೊಳಿ ಮೀನಲ್ಲ. ಹೊಂಡದಾಗ ಕದ್ದು ಸಾಕ್ತಾರ, ಸರ್ಕಾರ ಬಂದ್ ಮಾಡೈತಿ. ಕದ್ದು ಸಾಕಿದ್ದು ನಾನೂ ಮಾರ್ತೀನಿ, ಸುಳ್ಳು ಯಾಕ ಹೇಳ್ಲಿ? ಕೋಳಿ ಅಂಗಡಿ ಕಸ ಹಾಕಿದ್ರ ತಿಂತೈತಿ, ಸತ್ತದ್ದು ತಿಂತೈತಿ, ಹಸಿವಾದ್ರ ತನ್ನ ಮರೀನ ತಿಂತೈತಿ. ಆ ನೀರು ಬಂದಾಗ ಹೊಳಿ ದಂಡಿ ಹೊಂಡ ಎಲ್ಲಾ ಒಡದು ಹೋದ್ವು. ಕೆಸರಾಗ ಹಾಕಿದ್ರೂ ಸಾಯಂಗಿಲ್ಲ ಇದು, ಗಾಳಿ ಕುಡದು ಬದಕತೈತಿ."

ಗಾಳಿ ಕುಡಿದು ಬದುಕುತ್ತದೆ. ನಾನು ಅದನ್ನು ಮಲ್ಲಯ್ಯನ ಕೃಪೆ ಎಂದು ಆರತಿ ಎತ್ತಿಸಿದ್ದೆ. ಭರಮಮ್ಮನ ಬುಟ್ಟಿಯಿಂದ ಕಿತ್ತುಕೊಂಡು, ಊರ ಹೆಂಗಸರ ತಲೆಯ ಮೇಲೆ ಹೊರಿಸಿ, ಮುಂದೆ ನಿಂತು ನಡೆಸಿಕೊಂಡು ಹೋಗಿ ಬಿಟ್ಟೆ. ಅವತ್ತು ಆ ಹೆಂಗಸರು ಸಾರು ಮಾಡಿ ಉಂಡಿದ್ದರೆ!

ಸುಂಕಲಮ್ಮನೇ ಕೈ ಹಿಡಿದು ತನ್ನ ಮಣೆಯ ಮೇಲೆ ಕೂರಿಸಿದಳು. ನೀರು ಕೊಟ್ಟಳು, ಕುಡಿದೆ. ಮಂಡಕ್ಕಿ ತರಲಿಲ್ಲ.

ನವೆಂಬರ್ 2

ಇವರಿಗೆ ಹೇಳಿದೆ. ಮೊದಲು ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು. ಆಮೇಲೆ, "ಸುಮ್ಮನ ಇದ್ದುಬಿಡೋಣಲ್ಲ? ಯಾರಿಗೆ ಗೊತ್ತೈತಿ?" ಎಂದರು. ನನಗೆ ಗೊತ್ತಿದೆಯಲ್ಲ!

ಮಡುವಿಗೆ ಹೋಗಿ ಇಡೀ ಮಧ್ಯಾಹ್ನ ಕೂತೆ. ದೊಡ್ಡ ತಾಮ್ರದ ಮೀನುಗಳಲ್ಲಿ ಕೆಲವು ಇನ್ನೂ ಇವೆ. ಬಂಡೆಗೆ ಒತ್ತಿಕೊಂಡು, ಆಳದಲ್ಲಿ. ಒಂದರ ಬಾಲ ಹರಿದಿದೆ. ಅವು ದೂರ ನಿಲ್ಲುತ್ತಿದ್ದುದು ತಾಯಂದಿರ ದೊಡ್ಡತನವೆಂದು ಬರೆದಿದ್ದೆನಲ್ಲ ನಾನು. ಹೆದರಿಕೆ ಅದು. ಹೋಗಲು ಜಾಗವಿಲ್ಲ, ಹೊಳೆ ಇಳಿದು ಮಡುವಿನ ಬಾಯಿ ಮುಚ್ಚಿದೆ. ಮುಂದಿನ ಮಳೆಯವರೆಗೆ ಅವು ಇವುಗಳ ಜೊತೆಯಲ್ಲೇ ಇರಬೇಕು. ಅಲ್ಲಿಯವರೆಗೆ ಅವುಗಳ ವಂಶ ಉಳಿಯುತ್ತದೆಯೇ?

ನವೆಂಬರ್ 9

ಗುಡಿ ಕಟ್ಟೆಯ ಮೇಲೆ ಸಭೆ. ನಾನೇ ಎದ್ದು ನಿಂತು ಹೇಳಿದೆ. ಬಿಟ್ಟದ್ದು ದೇವರ ಮೀನಲ್ಲ, ಬಲೆ ಹಾಕಿ ತೆಗೆಸಬೇಕು ಎಂದು.

"ಏನವ್ವಾ ಚಂದ್ರಕಲಾ, ಮಲ್ಲಯ್ಯನ ಮಡುವಿನಾಗ ಬಲಿ ಹಾಕ್ಸು ಅಂತೀಯಾ? ನಮ್ಮ ಮುತ್ತ್ಯಾರ ಕಾಲದಿಂದ ಇಲ್ಲಿ ಯಾರೂ ಒಂದು ಗಾಳ ಬಿಟ್ಟಿಲ್ಲ," ಎಂದರು ಹಂಪೇಶ್ ಭಾವ. "ಜನ ಎಲ್ಲೆಲ್ಲಿಂದೋ ಬರ್ತಾರ. ಮಡುವಿಗೆ ಬಂದ ಮ್ಯಾಲ ಎಲ್ಲಾ ದೇವರದ."

ಅವರೂ ಕೆಟ್ಟವರಲ್ಲ. ಎರಡು ತಿಂಗಳ ಹಿಂದೆ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆಗ ಹಿಂದಿನಿಂದ ಕೋಲಿನ ಸದ್ದು. ಅತ್ತೆ! ಭರಮಮ್ಮನ ಕೈ ಹಿಡಿದು ಬಂದಿದ್ದರು. ಗದ್ದೆಯಲ್ಲಿ ಸತ್ತವುಗಳ ಸುದ್ದಿಯನ್ನೂ ಸೇರಿಸಿ ಎಲ್ಲವನ್ನೂ ಅವಳು ದಾರಿಯಲ್ಲಿ ಹೇಳಿಬಿಟ್ಟಿದ್ದಳು.

"ಹಂಪೇಶಾ," ಎಂದರು ಅತ್ತೆ, "ನಿನ್ನ ಮನ್ಯಾಗ ಕಳ್ಳ ಹೊಕ್ಕಾನಂತ ತಿಳಕೋ. ಒಳಗ ಬಂದ ಮ್ಯಾಲ ನಮ್ಮವನ ಅಂತ ಪೂಜಿ ಮಾಡ್ತೀಯೇನ? ಹಿಂಗ ಬಿಟ್ರ ಮಡುವಿನಾಗ ನಮ್ಮವು ಉಳೀತಾವೇನ? ಕಾರ್ತಿಕ ಮುಗೀಲಿ. ಬಲಿ ಬೀಳಲಿ. ಪಾಪ ಬಂದ್ರ ನನಗ ಬರ್ಲಿ, ನಾ ಹೆಂಗೂ ಹೋಗಾಕಿ."

ಅತ್ತೆಯ ಮಾತಿಗೆ ಊರಿನಲ್ಲಿ ಎದುರು ಹೇಳುವವರಿಲ್ಲ. ಮನೆಗೆ ಬಂದ ಮೇಲೆ ನನ್ನ ಜೊತೆ ಅತ್ತೆ ಒಂದು ಮಾತೂ ಆಡಿಲ್ಲ. ಅರ್ಧ ಸುದ್ದಿ ಹೇಳಿದ್ದಕ್ಕೆ ಆ ಶಿಕ್ಷೆ ನನಗೆ ಆಗಬೇಕಾದದ್ದೇ.

ನವೆಂಬರ್ 14

ಕಂಪ್ಲಿಗೆ ಹೋಗಿ, ಮಡುವಿಗೆ ಬಲೆ ಹಾಕಲು ಬಾ ಎಂದು ಸುಂಕಲಮ್ಮನನ್ನು ಕೇಳಿದೆ. ಬರುವುದಿಲ್ಲ ಎಂದಳು.

"ನಾಳೆ ಊರಾಗ ಒಂದು ದನ ಸತ್ರೂ, ಮೀನಿನಾಕಿ ಮಡುವಿಗಿಳದದ್ದಕ್ಕ ಆತು ಅಂತೀರಿ. ನಮಗ ಬ್ಯಾಡವ್ವಾರ. ನಮ್ಮ ಮಂದೀನೂ ಆ ಮಲ್ಲಯ್ಯಗ ನಡಕೊಳ್ಳೋರ. ಹೊಳ್ಯಾಗ ಹಾಕೋ ಬಲಿ ಮಡುವಿನ ಹಂತೇಕ ಬಂದ್ರ ಸುತ್ತಿಟಗೊಂಡು ದಾಟ್ತೀವಿ."

ಇದು ನನಗೆ ಗೊತ್ತಿರಲಿಲ್ಲ. ಮಡುವನ್ನು ಕಾದವರು ನಾವು ಮಾತ್ರ ಎಂದುಕೊಂಡಿದ್ದೆ.

"ಹಂಗಾದ್ರ ನಾನ ಮೊದಲ ಇಳೀತೀನಿ," ಎಂದೆ. ಬಾಯಿಯಿಂದ ಹೇಗೆ ಬಂತೋ. "ಬಲಿ ತುದಿ ನನ್ನ ಕೈಯಾಗ ಇರ್ಲಿ. ಯಾರು ಹಾಕಿದ್ರು ಅಂತ ಕೇಳಿದ್ರ ರೈಸ್ ಮಿಲ್ಲಿನ ಚಂದ್ರಕಲಾ ಹಾಕಿದ್ಳು ಅನ್ರಿ."

ಅವಳು ಕೇಳಿದ್ದು ಒಂದೇ ಮಾತು. "ಈಜು ಬರ್ತೈತೇನ್ರಿ?"

"ಇಲ್ಲ."

"ಛಲೋ ಆತು ಬಿಡ್ರಿ," ಎಂದು ಮೊದಲ ಸಲ ನಕ್ಕಳು.

ನವೆಂಬರ್ 22, ಶನಿವಾರ

ಇಳಿದೆ. ಎದೆಯವರೆಗೆ ನೀರು, ಮೂಳೆ ಕೊರೆಯುವ ಚಳಿ. ದಂಡೆಯ ಮೇಲೆ ಊರಿಗೆ ಊರೇ. ಬಲೆ ಎಳೆದಾಗ ಕಾಲಿನ ಮೇಲೆ, ತೊಡೆಯ ಮೇಲೆ ಅವು ಜಾರಿಕೊಂಡು ಹೋದವು. ನುಣ್ಣನೆಯ ಲೋಳೆ ಮೈ. ಸುಂಕಲಮ್ಮಕ್ಕ ಆ ತುದಿಯಿಂದ, "ಹಗ್ಗ ಬಿಡಬ್ಯಾಡ್ರಿ! ಬಿಟ್ರ ಹೋದ್ವು!" ಎಂದು ಕೂಗುತ್ತಲೇ ಇದ್ದಳು. ಬಿಡಲಿಲ್ಲ.

ಬಲೆಗೆ ಎರಡು ತಾಮ್ರದ ಮೀನುಗಳೂ ಬಂದವು. ಅವನ್ನು ನಾನೇ ಎರಡೂ ಕೈಯಲ್ಲಿ ತಬ್ಬಿ ಎತ್ತಿ ಬಲೆಯ ಆಚೆ ಬಿಟ್ಟೆ. ಕೈಯೊಳಗೆ ಎಷ್ಟು ಬಲ! ಕರಿಯವು ಬುಟ್ಟಿ ಬುಟ್ಟಿ. ಆದರೂ ಎಲ್ಲ ಬಂದಿಲ್ಲವಂತೆ. ಕೆಸರಿನಲ್ಲಿ ಹುಗಿದುಕೊಳ್ಳುತ್ತವೆ, ನಾಳೆ ಇನ್ನೊಮ್ಮೆ, ಆಮೇಲೆ ಬೇಸಿಗೆಯವರೆಗೆ ವಾರ ವಾರ ಎಳೆಯಬೇಕು ಎಂದಳು ಅಕ್ಕ. ಸರಿ ಎಂದೆ.

ಒದ್ದೆ ಬಲೆಯನ್ನು ನಮ್ಮ ಅಂಗಳದಲ್ಲೇ ಒಣಗಲು ಹಾಕಿದೆವು. ಇವರು ಮಿಲ್ಲಿನಿಂದ ಬಂದವರು ಬಾಗಿಲಲ್ಲೇ ನಿಂತು ಕರವಸ್ತ್ರ ಮೂಗಿಗೆ ಹಿಡಿದರು. ಏನಾಯಿತು ಎಂದು ಕೇಳಿದೆ. "ವಾಸನಿ ಬರಂಗಿಲ್ಲೇನ ನಿನಗ?" ಎಂದರು. ಇವರಿಗೆ ಎಲ್ಲದರಲ್ಲೂ ತಕರಾರು. ಉಂಡು ಮಲಗುತ್ತೇನೆ, ನಾಳೆ ಬೆಳಿಗ್ಗೆ ಮತ್ತೆ ಇಳಿಯಬೇಕು.

ನವೆಂಬರ್ 23, ಭಾನುವಾರ

ಇವತ್ತೂ ತುಂಬ ಬಂದವು. ಬಲೆ ಎಳೆದು ಮುಗಿದ ಮೇಲೆ ದಂಡೆಯಲ್ಲಿ ಕೂತು ಸುಂಕಲಮ್ಮಕ್ಕ ದೊಡ್ಡ ಕರಿಯದೊಂದರ ಹೊಟ್ಟೆ ಕೊಯ್ದಳು. ಇವು ಮಡುವಿನಲ್ಲಿ ತಿಂದದ್ದು ಏನು ನೋಡೋಣ ಎಂದದ್ದು ನಾನೇ. ಮಂಡಕ್ಕಿ ಇರುತ್ತದೆ, ಕಪ್ಪೆ ಇರುತ್ತದೆ ಎಂದುಕೊಂಡಿದ್ದೆ.

ಹೊಟ್ಟೆಯ ತುಂಬ ಮರಿ ಮೀನು. ಬೆರಳುದ್ದ. ಕೆಲವು ಅರ್ಧ ಕರಗಿದ್ದವು, ಕೆಲವು ಇಡಿಯಾಗಿದ್ದವು. ಅಕ್ಕ ಒಂದನ್ನು ನೀರಿನಲ್ಲಿ ತೊಳೆದು ನನ್ನ ಅಂಗೈಯಲ್ಲಿಟ್ಟಳು. ಬೆನ್ನ ಮೇಲೆ ತಾಮ್ರದ ಬಣ್ಣ. ಸಣ್ಣ ಸಣ್ಣ ಹುರುಪೆ. ಬಾಯಿಯ ಪಕ್ಕ ಎಳೆಯ ಮೀಸೆ.

ಮಕ್ಕಳಾಗಿದ್ದವು. ಉಳಿದ ತಾಯಂದಿರು ತತ್ತಿ ಇಟ್ಟಿದ್ದವು, ಅವು ಒಡೆದಿದ್ದವು, ಮರಿಗಳು ಈ ಮಡುವಿನಲ್ಲೇ ಇದ್ದವು. ನಾನು ಪ್ರತಿ ಸೋಮವಾರ ಅದೇ ಕಲ್ಲಿನ ಮೇಲೆ ಕೂತು ಅವುಗಳನ್ನು ತಿನ್ನುವವರಿಗೆ ಮಂಡಕ್ಕಿ ಹಾಕಿ ಬೆಳೆಸಿದ್ದೆ.

"ಸಾಕ್ರಿ, ನೋಡಬ್ಯಾಡ್ರಿ," ಎಂದು ಅಕ್ಕ ಚೂರಿ ಒರೆಸಿದಳು.

"ಇಲ್ಲಿ ಕೊಡ್ರಿ," ಎಂದೆ. ಮುಂದಿನದನ್ನು ನಾನೇ ಕೊಯ್ದೆ. ಅದರಲ್ಲೂ ಇದ್ದವು. ಅದರ ಮುಂದಿನದರಲ್ಲೂ. ಅಳಲಿಲ್ಲ. ಅಳು ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

ಇಡಿಯಾಗಿದ್ದ ಆ ಮರಿಯನ್ನು ಎಲೆಯಲ್ಲಿ ಸುತ್ತಿ ಮನೆಗೆ ತಂದೆ. ಇನ್ನು ಅರ್ಧ ಸುದ್ದಿ ಹೇಳುವುದು ಬೇಡ, ಎಲ್ಲವನ್ನೂ ಹೇಳಿಬಿಡಬೇಕು ಎಂದು. ಅತ್ತೆ ಪಡಸಾಲೆಯಲ್ಲಿ ಬಿಸಿಲಿಗೆ ಕೂತಿದ್ದರು. ಸಭೆಯ ದಿನದಿಂದ ನನ್ನೊಡನೆ ಮಾತಿಲ್ಲ. ಮೊದಲು ಅವರು ಮುಟ್ಟಿ ನೋಡಲಿ ಎಂದುಕೊಂಡೆ. ಅವರ ಕೈ ಹಿಡಿದು ಅಂಗೈಯಲ್ಲಿ ಅದನ್ನಿಟ್ಟೆ.

ಅತ್ತೆ ಹೆಬ್ಬೆರಳಿನಿಂದ ಮೆಲ್ಲಗೆ ಬೆನ್ನು ಸವರಿದರು. ತಲೆಯಿಂದ ಬಾಲದವರೆಗೆ, ಮತ್ತೆ ಬಾಲದಿಂದ ತಲೆಯವರೆಗೆ. ಮುಖ ಅರಳಿತು.

"ಇದು ನಮ್ದ! ಚಂದ್ರೀ, ಇದು ನಮ್ಮ ಮಡುವಿಂದ ಅಲ್ಲೇನ? ಮಕ್ಕಳಾಗ್ಯಾವ!" ಆಮೇಲೆ ಗಾಬರಿಯಾಗಿ ಅಂಗೈ ಚಾಚಿದರು. "ಹುಚ್ಚಿ, ದಂಡಿಗೆ ಯಾಕ ತಂದಿ? ಜಲ್ದಿ ಹೋಗು. ಜೀವ ಹೋಗೋದ್ರಾಗ ನೀರಿಗೆ ಬಿಡು."

ನಾನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಹೂಂ ರೀ ಅತ್ತಿ ಎಂದೆ. ಚಪ್ಪಲಿ ಕೂಡ ಮೆಟ್ಟದೆ ಮಡುವಿನ ಕಡೆ ಓಡಿದೆ.